ಬೆಂಚಿನ ಮೇಲೆ ಎರಡು ಬೆರಳು

೨೦ ಜೂನ್ ೨೦೨೨, ಸೋಮವಾರ

ಮತ್ತೆ ಅದೇ ಓಟ. ಡಬ್ಬಿ ಕಟ್ಟು, ಮಾಸ್ಕ್ ಹುಡುಕು, ಕ್ರೋಂಪೇಟೆ ಸ್ಟೇಷನ್ನಿನ ಮೆಟ್ಟಿಲು ಹತ್ತಿಳಿ. ಕೊರೊನಾ ಕೇಸು ಏರುತ್ತಿದೆಯಂತೆ — ಇವತ್ತಿನಿಂದ ಬೆಂಚಿಗೆ ಒಬ್ಬರೇ ಎಂದು ಶಾಲೆಯಲ್ಲಿ ಆರ್ಡರ್. ಎರಡು ವರ್ಷ ಮನೆಯಲ್ಲಿ ಕೂತ ಮಕ್ಕಳು. ಧನುಷ್ ಪಾಠದ ನಡುವೆ ಎದ್ದು ಹೊರಟ, ಎಲ್ಲಿಗೋ ಅಂದರೆ ಬಿಸ್ಕತ್ತು ತಿನ್ನುವುದಕ್ಕಂತೆ! ನಾಲ್ಕು ಸಾಲು ಬರೆದರೆ ಎಲ್ಲರಿಗೂ ಕೈನೋವು. ನನಗೇನು ಕಡಿಮೆಯೇ, ಮೂರನೇ ಪೀರಿಯಡ್ಡಿಗೆ ಗಂಟಲು ಕಟ್ಟುತ್ತದೆ.

ನಾಲ್ಕನೇ ಕ್ಲಾಸಿನ ಶ್ರೀಪ್ರಿಯಾಳದೇ ಚಿಂತೆ. ಆನ್‌ಲೈನಿನಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದವಳು. ಇವತ್ತು ಬೋರ್ಡಿನ ಲೆಕ್ಕ ಬರೆದುಕೋ ಎಂದರೆ ಪುಸ್ತಕ ಖಾಲಿ. ಕೇಳಿದರೆ ತಲೆ ತಗ್ಗಿಸುತ್ತಾಳೆ. ಬೆಂಚಿನ ಮೇಲೆ ಎರಡು ಬೆರಳು ಆಡಿಸುತ್ತ ಕೂರುತ್ತಾಳೆ. ಫೋನಿನ ಚಟ, ಇನ್ನೇನು.

೨೪ ಜೂನ್, ಶುಕ್ರವಾರ

ಟೆಸ್ಟ್. ಬೋರ್ಡಿನ ಮೇಲೆ ಹತ್ತು ಲೆಕ್ಕ. ಶ್ರೀಪ್ರಿಯಾಗೆ ಸೊನ್ನೆ.

ಎಚ್.ಎಂ. ಸುಮತಿ ಮೇಡಂ ಪೇಪರು ನೋಡಿ ತಮಿಳಿನಲ್ಲೇ ತೀರ್ಪು ಕೊಟ್ಟರು. ಹುಡುಗಿಗೆ ಅಡಿಪಾಯವೇ ಇಲ್ಲ, ಮೂರನೇ ಕ್ಲಾಸಿಗೆ ಇಳಿಸೋಣ, ಮುಂದಿನ ಶುಕ್ರವಾರ ಅವಳಪ್ಪನ ಸಹಿ ಹಾಕಿಸಿ ಎಂದರು. ಕ್ಲಾಸಿನಲ್ಲಿ ಮೊದಲೇ ಬಾಯಿಲ್ಲದ ಮಗು. ಜತೆಯವರೆಲ್ಲ ಇಲ್ಲಿ, ಇವಳೊಬ್ಬಳು ಕೆಳಗಿನ ಕ್ಲಾಸಿನಲ್ಲಿ... ಮತ್ತೆ ಬಾಯಿ ಬಿಟ್ಟ ಹಾಗೇ. ಒಂದು ವಾರ ಸಮಯ ಕೊಡಿ ಮೇಡಂ ಅಂದೆ.

೨೬ ಜೂನ್, ಭಾನುವಾರ

ಅವಳ ಮನೆಗೆ ಹೋಗಿದ್ದೆ. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು. ಅಪ್ಪ ಅಮ್ಮ ಇಬ್ಬರಿಗೂ ಆಫೀಸು. ಆನ್‌ಲೈನ್ ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದದ್ದು ಅಜ್ಜಿ ಜಾನಕಮ್ಮ. ಓಹೋ, ಗುಟ್ಟು ಸಿಕ್ಕಿತು ಅಂದುಕೊಂಡೆ.

"ಉತ್ತರ ನೀವೇ ಹೇಳಿಕೊಡ್ತಿದ್ರಾ ಅಮ್ಮಾ?" ಬಾಯಿಂದ ಬಂದೇಬಿಟ್ಟಿತು.

ಕಾಫಿ ಲೋಟ ಟಕ್ಕೆಂದು ಇಟ್ಟರು. "ಏನು ಟೀಚರ್ ಹೀಂಗೆ ಕೇಳ್ತೀರಿ! ನಂಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ನೀವು ಬರೆದದ್ದೆಲ್ಲ ಆ ಕೊಳಂದೆನೇ ನಂಗೆ ಓದಿ ಓದಿ ಹೇಳ್ತಿತ್ತು. ಸುಮ್ಮನೆ ಕೂತು ಕೇಳ್ತಿದ್ದೆ, ನಂಗೂ ಪೊಳುದು ಹೋಗಬೇಕಲ್ಲ."

ಅಂದರೆ ಮಗುವೇ ಅಜ್ಜಿಗೆ ಓದಿ ಹೇಳಿದ್ದು, ಅಜ್ಜಿ ಹೊತ್ತು ಕಳೆಯಲು ಕೇಳಿದ್ದು. ಮುಖ ಎಲ್ಲಿಡಲಿ ಗೊತ್ತಾಗಲಿಲ್ಲ. ಕಾಫಿ ಮಾತ್ರ ಅದ್ಭುತ. ಇನ್ನೊಂದು ಸ್ವಲ್ಪ ಬೇಕಾ ಅಂತ ಅವರು ಕೇಳಲಿಲ್ಲ, ನಾನು ಕೇಳುವ ಹಾಗೂ ಇರಲಿಲ್ಲ.

೨೮ ಜೂನ್, ಮಂಗಳವಾರ

ಇವತ್ತು ಬೋರ್ಡಿನ ಹತ್ತಿರ ನಿಲ್ಲಲಿಲ್ಲ. ಅವಳ ಬೆಂಚಿನ ಪಕ್ಕ ಹೋಗಿ ನಿಂತೆ. ಆ ಎರಡು ಬೆರಳು — ಕೂಡಿಸುತ್ತಾಳೆ, ಅಗಲಿಸುತ್ತಾಳೆ. ಮತ್ತೆ ಕೂಡಿಸುತ್ತಾಳೆ, ಅಗಲಿಸುತ್ತಾಳೆ. ಕಣ್ಣು ಬೋರ್ಡಿನ ಮೇಲೆ, ಕಿರಿದು ಮಾಡಿಕೊಂಡು.

ಅಯ್ಯೋ ದೇವರೇ! ನಾನೇ ತಾನೆ ಕಲಿಸಿದ್ದು? ಎರಡು ವರ್ಷ, ದಿನಾ ಆನ್‌ಲೈನಿನಲ್ಲಿ — ಕಾಣಿಸದಿದ್ದರೆ ಎರಡು ಬೆರಳಿಟ್ಟು ದೊಡ್ಡದು ಮಾಡಿಕೊಳ್ಳಿ ಮಕ್ಕಳೇ, ಅಂತ.

ರೂಲ್ಸು ಗೀಲ್ಸು ಆಮೇಲೆ. ನನ್ನ ಫೋನಿನಲ್ಲಿ ಬೋರ್ಡಿನ ಫೋಟೊ ತೆಗೆದು ಕೈಗಿಟ್ಟೆ. ಮೂಗಿನ ಹತ್ತಿರ ಹಿಡಿದಳು. ದೊಡ್ಡದು ಮಾಡಿದಳು. ಗಂಟೆ ಹೊಡೆಯುವ ಮೊದಲೇ ಎಲ್ಲ ಲೆಕ್ಕ ಮುಗಿದಿತ್ತು, ಒಂದು ಮಾತ್ರ ತಪ್ಪು.

"ಕಾಣಿಸಲ್ಲ ಅಂತ ಯಾಕಮ್ಮ ಹೇಳಲಿಲ್ಲ?"

"ಎಲ್ಲಾರುಕ್ಕುಂ ಇಪ್ಪಡಿದಾನ್ ತೆರಿಯುಂನು ನೆನಚ್ಚೇನ್ ಮಿಸ್."

ಎಲ್ಲರಿಗೂ ಹೀಗೇ ಕಾಣಿಸುತ್ತದೆ ಅಂದುಕೊಂಡಿದ್ದಳಂತೆ! ಹೋದ ವಾರದವರೆಗೆ ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದಳಂತೆ, ಬೆಂಚಿಗೆ ಒಬ್ಬರೇ ಆದಮೇಲೆ ಅದೂ ಇಲ್ಲ. ವರ್ಷವರ್ಷ ಶಾಲೆಗೆ ಬರುತ್ತಿದ್ದ ಕಣ್ಣಿನ ಡಾಕ್ಟರು ಕೊರೊನಾ ಬಂದಮೇಲೆ ಪತ್ತೆಯಿಲ್ಲ. ಬಾತ್‌ರೂಮಿಗೆ ಹೋಗಿ ಚೆನ್ನಾಗಿ ಅತ್ತೆ. ಮುಖ ತೊಳೆದುಕೊಂಡು ಅವಳಪ್ಪನಿಗೆ ಫೋನ್ ಮಾಡಿದೆ.

೧ ಜುಲೈ, ಶುಕ್ರವಾರ

ಮೈನಸ್ ಮೂರು. ಎರಡೂ ಕಣ್ಣು. ಅಷ್ಟೇ! ಬರೀ ಕನ್ನಡಕ!

ಜಾನಕಮ್ಮನದು ಫೋನಿನಲ್ಲಿ ಅಳು. "ನಾನೇ ಟೀಚರ್, ದಿನಾ ಫೋನ್ ಕೊಟ್ಟು ಕೂಡಿಸಿದ್ದು. ಕಣ್ಣು ನಾನೇ ಕೆಡಿಸ್ದೆ."

"ಕೂಡಿಸಿ ಅಂದದ್ದು ನಾವಲ್ವಾ ಅಮ್ಮಾ? ಬೇರೆ ದಾರಿ ಏನಿತ್ತು? ಅಳಬೇಡಿ. ಭಾನುವಾರ ಬರ್ತೀನಿ, ಇನ್ನೊಂದು ಲೋಟ ಕಾಫಿ ಬಾಕಿ ಇದೆ."

ಮೂಗೆಳೆದುಕೊಳ್ಳುತ್ತಲೇ ನಕ್ಕರು. ಎರಡು ಲೋಟ ಕೊಡ್ತೀನಿ ಅಂದರು.

ಸುಮತಿ ಮೇಡಂ ಸಹಿಗೆ ಇಟ್ಟಿದ್ದ ಕಾಗದ ಹರಿದು ಬುಟ್ಟಿಗೆ ಹಾಕಿದರು. ಶ್ರೀಪ್ರಿಯಾ ನಾಲ್ಕನೇ ಕ್ಲಾಸಿನಲ್ಲೇ ಇರುತ್ತಾಳೆ. ಸೋಮವಾರ ಇಡೀ ಶಾಲೆಗೆ ಕಣ್ಣಿನ ಪರೀಕ್ಷೆಯಂತೆ. ಅಬ್ಬಾ... ಎಷ್ಟು ದಿನವಾಗಿತ್ತು ಹೀಗೆ ಉಸಿರು ಬಿಟ್ಟು.

೬ ಜುಲೈ, ಬುಧವಾರ, ಸಂಜೆ

ಬಂದಳು. ನೇರಳೆ ಫ್ರೇಮು. ಕ್ಲಾಸಿನ ಬಾಗಿಲಲ್ಲೇ ನಿಂತಳು. ಬೋರ್ಡು ನೋಡಿದಳು, ಗೋಡೆಯ ಚಾರ್ಟು ನೋಡಿದಳು, ತಿರುಗುವ ಫ್ಯಾನು ನೋಡಿದಳು. ನಾನು ನೀರು ಕುಡಿಯಲು ಆಗಷ್ಟೇ ಮಾಸ್ಕ್ ಇಳಿಸಿದ್ದೆ. ನನ್ನನ್ನೂ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಇಡೀ ಕ್ಲಾಸಿಗೆ ಕೇಳುವಂತೆ —

"ಮಿಸ್! ಉಂಗ ತಲೈಲ ಎವ್ವಳವು ವೆಳ್ಳೈ ಮುಡಿ!"

ತಲೆಯಲ್ಲಿ ಎಷ್ಟೊಂದು ಬಿಳಿ ಕೂದಲಂತೆ! ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ. ಬಾಯಿಲ್ಲದ ಮಗುವಂತೆ, ಯಾರು ಹೇಳಿದ್ದು! ಗಂಟೆ ಹೊಡೆಯುವವರೆಗೂ ಬಾಯಿ ಮುಚ್ಚಲಿಲ್ಲ. ಬೈಯಲೂ ಇಲ್ಲ ನಾನು.

ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ನಿಜ, ಎಷ್ಟೊಂದು! ದಿನಾ ಎದುರಿಗೇ ಕೂತು ಊಟ ಮಾಡುವ ಗಂಡ ಒಂದು ಮಾತು ಹೇಳಬಾರದೇ? ಅಥವಾ ಮೋಹನ್‌ಗೂ ಕಣ್ಣಿನ... ಇಗೋ, ಗೇಟಿನ ಸದ್ದು. ಬಂದರು. ಮೊದಲು ಕ್ಯಾಲೆಂಡರ್ ಮುಂದೆ ನಿಲ್ಲಿಸಿ ಓದಿಸಿ ನೋಡಬೇಕು.