ಚೈನಿಗೆ ಸುರಿದ ದೀಪದೆಣ್ಣೆ

ವಿಜಯನಗರ
೧೬-೧೧-೨೦೨೫, ಭಾನುವಾರ

ಮಗಳು ಶೋಭಾರಾಣಿಗೆ,

ನಿನ್ನ ಅಪ್ಪನ ಆಶೀರ್ವಾದ. ನಾವಿಬ್ಬರೂ ಇದ್ದೇವೆ. ಕೆಂಗೇರಿಯಲ್ಲಿ ನೀನು, ಅಳಿಯಂದಿರು, ಮಗು ಚೆನ್ನಾಗಿರಬೇಕು. ಮೊದಲೇ ಬರೆಯಬೇಕಿತ್ತು, ತಡವಾಯಿತು. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮ ಪಕ್ಕದಲ್ಲೇ ಇರುತ್ತಾಳೆ, ನನ್ನದೋ ಬೀದಿಗೆಲ್ಲ ಕೇಳುವ ಗಂಟಲು. ಐದನೇ ಕ್ಲಾಸಿಗೇ ಬಿಟ್ಟವನ ಬರವಣಿಗೆ, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಪ್ರತಿ ಭಾನುವಾರ ಬರುತ್ತಿದ್ದವರು ದಸರಾ ಆದಮೇಲೆ ಯಾಕೆ ಬರಲಿಲ್ಲ ಎಂದು ಕೇಳುತ್ತಲೇ ಇದ್ದೀಯ. ಮಂಡಿನೋವು ಎಂದು ನಿಮ್ಮಮ್ಮ ಹೇಳಿದ್ದು ಸುಳ್ಳು. ಬೈಕಿನಿಂದ ಬಿದ್ದೆವು. ಗಾಬರಿಯಾಗಬೇಡ, ಅವಳ ಮೊಣಕೈ ತರಚಿತ್ತು, ಈಗ ವಾಸಿಯಾಗಿದೆ.

ಆಯುಧಪೂಜೆಗೆ ಗಾಡಿ ತೊಳೆದೆ. ಚೈನ್ ಒಣಗಿ ಕಿರುಗುಟ್ಟುತ್ತಿದೆ, ಆಮೇಲೆ ನೋಡೋಣ ಎಂದೆ. ಇವಳು ಏನು ಮಾಡಿದಳು ಗೊತ್ತಾ? ಪೂಜೆ ಮುಗಿದ ಮೇಲೆ, ದೀಪಕ್ಕೆ ಹಾಕಿ ಉಳಿದಿದ್ದ ಎಳ್ಳೆಣ್ಣೆಯನ್ನೆಲ್ಲ ಚೈನಿಗೆ ಸುರಿದಿದ್ದಾಳೆ. ದೇವರ ಎಣ್ಣೆ, ಒಳ್ಳೆಯದಾಗಲಿ ಅಂತ. ಮಾರನೇ ದಿನ ನಿಮ್ಮ ಮನೆಗೆಂದು ಹೊರಟರೆ ಅದು ಹಿಂದಿನ ಟೈರಿಗೆ ಚಿಮ್ಮಿ, ಅತ್ತಿಗುಪ್ಪೆ ತಿರುವಿನಲ್ಲಿ ಗಾಡಿ ಜಾರಿತು. ಟೈರ್ ಮುಟ್ಟಿ ಮೂಸಿದೆ, ಎಳ್ಳೆಣ್ಣೆ. ನಡುರಸ್ತೆಯಲ್ಲೇ ಬಾಯಿಗೆ ಬಂದಂತೆ ಬೈದೆ. ಅವಳು ಸೀರೆ ಕೊಡವಿಕೊಳ್ಳುತ್ತಿದ್ದಳು.

ಇವತ್ತು ಬೆಳಿಗ್ಗೆ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ ಕೂತೆ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಡೀಸೆಲ್‌ನಲ್ಲಿ ಅದ್ದಿ ಅದ್ದಿ ಚೈನ್ ತಿಕ್ಕಿದೆ. ಎಣ್ಣೆಗೆ ಧೂಳು ಕೂತು ಕಾಡಿಗೆಯ ಹಾಗಾಗಿತ್ತು. ಮೊದಲೆಲ್ಲ ಚಕ್ರ ಅವಳು ತಿರುಗಿಸುತ್ತಿದ್ದಳು, ನಾನು ತಿಕ್ಕುತ್ತಿದ್ದೆ. ಈಗ ಎರಡೂ ನನ್ನದೇ. ಸೊಂಟ ಬಿದ್ದುಹೋಯಿತು. ಒರೆಸಿ, ಗೇರ್ ಆಯಿಲ್ ತೊಟ್ಟು ತೊಟ್ಟು ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿದೆ. ಟೈರಿಗೆ ಸೋಪು ಹಾಕಿ ತೊಳೆದೆ. ಎದುರುಮನೆ ಬಸವ್ವ, ಗಾಡಿಗೆ ಬಾಣಂತಿ ಸ್ನಾನವಾ ಎಂದು ಛೇಡಿಸಿದಳು. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಜಗಳಕ್ಕೂ ಈಗ ತ್ರಾಣವಿಲ್ಲ ಕಣಮ್ಮ.

ಕೈ ತೊಳೆದು ಒಳಗೆ ಹೋದೆ. "ಎಲ್ಲಾ ಸರಿ ಮಾಡಿದೀನಿ ಕಣೇ. ಶೋಭಾ ಮನೇಗೆ ಹೋಗ್ಬರೋಣ, ನಡಿ" ಎಂದೆ.

ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನೀವು ಗಾಡೀಲಿ ಹೋಗಿ. ನಾನು ಮೆಟ್ರೋದಲ್ಲಿ ಬರ್ತೀನಿ."

ಒಂದೇ ಮನೆಯಿಂದ ಹೊರಟು ಮಗಳ ಮನೆಗೆ ಗಂಡ ಒಂದು ದಾರಿ, ಹೆಂಡತಿ ಒಂದು ದಾರಿಯಾ? ನಾನು ಹೊರಡಲಿಲ್ಲ. ಅವಳೂ ಹೊರಡಲಿಲ್ಲ.

ನೀನಾದರೂ ಒಂದು ಸಲ ಬಂದುಹೋಗು. ಅವಳಿಗೆ ಏನಾದರೂ ಹೇಳು. ಏನು ಹೇಳಬೇಕೋ ನನಗಂತೂ ತಿಳಿಯದು. ಮಗುವಿಗೆ ದೃಷ್ಟಿ ತೆಗೆ. ನಿಮ್ಮ ಸಂಸಾರ ತಣ್ಣಗಿರಲಿ.

ನಿನ್ನ ಅಪ್ಪ,
ಚಿಕ್ಕಮುನಿಯಪ್ಪ

ತಾ.ಕ.: ಬೀಳುವ ಭಯಕ್ಕೆ ಹೀಗೆ ಮಾಡುತ್ತಾಳೆ ಅಂದುಕೊಂಡಿದ್ದೆ. ಈಗ ಹೊರಗೆ ಬಸವ್ವನ ಹತ್ತಿರ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಬೈದಿದ್ದು ಬಿಡು ಬಸವ್ವ, ಅದು ದಿನಾ ಇರೋದೆ. ಬಿದ್ದಾಗ ಅವರು ಮೊದಲು ಎತ್ತಿದ್ದು ಗಾಡೀನ. ನನ್ನ ಎಬ್ಬಿಸಿದ್ದು ಯಾರೋ ಹೂ ಮಾರೋಳು." ಪೆಟ್ರೋಲ್ ಚೆಲ್ಲುತ್ತಿತ್ತು, ಅದಕ್ಕೇ ಎತ್ತಿದೆ ಎಂದು ಹೇಳಲು ಬಾಗಿಲವರೆಗೂ ಹೋದೆ. ಚೆಲ್ಲುತ್ತಿರಲಿಲ್ಲ. ವಾಪಸು ಬಂದು ಕೂತೆ.