ಸುಣ್ಣ ಕಾಣದ ಗೋಡೆ

ಹರಿಹರ
೨೪ ಜುಲೈ ೨೦೨೫

ಪ್ರೀತಿಯ ನುಜತ್,

ನಿನ್ನ ಅಜ್ಜಿ, ನನಗೂ ದಾದಿಯೇ ಆಗಿದ್ದವರು, ಹೋಗಿ ಹನ್ನೊಂದು ದಿನವಾದ ಮೇಲೆ ಬರೆಯುತ್ತಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಅದು ಹೊಡೆದುಕೊಳ್ಳುವುದನ್ನು ನೋಡುತ್ತ ಕೂತಿದ್ದೆ. ಅವರನ್ನು ಮಣ್ಣು ಮಾಡಿದ ದಿನ ನಿಮ್ಮ ಓಣಿಯ ತುದಿವರೆಗೆ ಬಂದು ತಿರುಗಿ ಹೋದೆ. ಬೈಯುವುದಿದ್ದರೆ ಬೈದುಬಿಡು. ವಿನೋಬನಗರದಲ್ಲಿ ಮಳೆ ಹೇಗಿದೆ? ಮಗಳಿಗೆ ಹಲ್ಲು ಬಂತೇ?

ಜೊತೆಗೆ ಒಂದು ದೂರು ಇಟ್ಟಿದ್ದೇನೆ. ಚರಂಡಿ ಗುತ್ತಿಗೆದಾರ ಕೊಟ್ಟೂರೇಶನ ಮೇಲೆ. ಮೊಮ್ಮಗಳು ನೀನು ಸಹಿ ಹಾಕಿದರೆ ಕೇಸು ಗಟ್ಟಿಯಾಗುತ್ತದೆ. ನಿಮ್ಮ ಗೋಡೆಯ ಬುಡದಲ್ಲೇ ಅವನು ಅಗೆದ. ಮರುವಾರ ಬೆಳಿಗ್ಗೆ, ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ದಾದಿಯ ಮೇಲೆ ಆ ಮಣ್ಣಿನ ಗೋಡೆ ಬಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹಳೆ ಬೀದಿ ಉಳಿಸುವ ನಮ್ಮ ಹೋರಾಟದ ಹೆಸರಲ್ಲಿ ನಾನು ಕರಪತ್ರ ಬರೆದು ಸಾವಿರ ಪ್ರತಿ ಹಂಚಿದೆ. "ನೂರಿಪ್ಪತ್ತು ವರ್ಷದ ಬೀದಿಯನ್ನು ಕೊಂದವರಾರು?" ಎಂದು ತಲೆಬರಹ. ಓದಿದ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದು ಹೊಡೆದರು. ಹಲ್ಲು ಎರಡು ಹೋದವಂತೆ. ನನಗೆ ಕನಿಕರ ಬರಲಿಲ್ಲ, ನಿಜ ಹೇಳುತ್ತೇನೆ. ಬೀದಿಗಳನ್ನು ಕೊಲ್ಲುವವರಿಗೆ ಕನಿಕರ ತೋರಿಸುವುದೇ ಅಪರಾಧ ಎಂದು ಓದಿದವಳು ನಾನು.

ಅದಕ್ಕೂ ಮುಂಚೆ ಅವನನ್ನು ಕೇಳಿದ್ದೆ. "ನಾ ಅಗೆದದ್ದು ಒಂದೂವರೆ ಅಡಿ ಕಣವ್ವ," ಅಂದ. "ಆ ಸಾಲಿನಾಗ ಹನ್ನೆರಡು ಗೋಡೆ ಅದಾವು. ಹನ್ನೊಂದು ನಿಂತಾವು. ಇದೊಂದರ ಮೈಮೇಲಿನ ಅಂಗಿ ಕಿತ್ತೋರು ಯಾರು, ಅವರನ್ನ ಕೇಳು." ಆ ಮಾತು ನಾನು ಕರಪತ್ರಕ್ಕೆ ಹಾಕಲಿಲ್ಲ.

ನಿನ್ನೆ ಅವನ ಹೆಂಡತಿ ಕಮಲಕ್ಕ ಬಂದಿದ್ದಳು. ಬಾಗಿಲಲ್ಲೇ ನಿಂತು, "ಮೂರು ದಿನ ಆತವ್ವ, ಠಾಣೆದಾಗ ಕುಂದ್ರಿಸ್ಯಾರೆ. ನೀ ಒಂದ್ ಮಾತು ಹೇಳಿದ್ರೆ ಬಿಡ್ತಾರೆ," ಅಂದಳು.

"ದಾದಿ ಎಷ್ಟು ದಿನಕ್ಕೆ ವಾಪಸ್ ಬರ್ತಾರೆ ಕಮಲಕ್ಕ?" ಅಂದೆ ನಾನು.

ಅವಳು ಅಳಲಿಲ್ಲ. "ನಿನ್ನ ಬಾಯಾಗ ಬರೇ ಹಾಳೆ ಐತೆ ತಂಗಿ, ನಾಲಿಗೆ ಇಲ್ಲ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಓಣಿಯ ಸುದ್ದಿ ಬೇಕೇ? ನಿಮ್ಮ ಮನೆಯ ಕಂಬ, ಚೌಕಟ್ಟು ಗುಜರಿಯವರ ಗಾಡಿ ಏರಿದವು. ನಾವಿಬ್ಬರೂ ಆಣೆಕಲ್ಲು ಆಡುತ್ತಿದ್ದ ಜಗಲಿಯ ಚಪ್ಪಡಿಯನ್ನು ಯಾರೋ ಬಟ್ಟೆ ಒಗೆಯಲು ಒಯ್ದರು. ಜನ ಬಂದು ಬಿದ್ದ ಮಣ್ಣಿನ ಮುಂದೆ ಸೆಲ್ಫಿ ತೆಗೆದುಕೊಂಡರು. ಇಷ್ಟು ವರ್ಷ ಆ ಮನೆಯತ್ತ ತಲೆ ಎತ್ತಿ ನೋಡದವರು.

ಮಗಳನ್ನು ಮಳೆಯಿಂದ ಕಾಪಾಡು. ಅವಳು ದಾದಿಯಷ್ಟು ಬಾಳಲಿ, ದಾದಿಗಿಂತ ಗಟ್ಟಿ ಸೂರಿನ ಕೆಳಗೆ.

ನಿನ್ನ
ಸುಷ್ಮಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ.

ಪ್ರತಿ ವರ್ಷ ರಮ್ಜಾನಿಗೆ ಮುಂಚೆ ದಾದಿ ಗೋಡೆಗೆ ಸುಣ್ಣ ಬಳಿಯುತ್ತಿದ್ದುದು ನಿನಗೆ ಗೊತ್ತು. ಈ ವರ್ಷ ಬಳಿಯಲಿಲ್ಲ. ಆ ಸುಣ್ಣದ ಅಡಿಯಲ್ಲಿ ಹಳೆಯ ನೀಲಿ ಬಳ್ಳಿಯ ಚಿತ್ತಾರವಿದೆ ಎಂದು ನಾನೇ ಕಂಡುಹಿಡಿದೆ. ಅವರದೇ ರೊಟ್ಟಿ ಸಟ್ಟುಗದಿಂದ ನಾಲ್ಕು ದಿನ ಕೂತು ಬೀದಿ ಕಡೆಯ ಗೋಡೆಯನ್ನೆಲ್ಲ ಕೆರೆದೆ. ಚಿತ್ತಾರದ ಫೋಟೋ ಪತ್ರಿಕೆಯಲ್ಲಿ ಬಂದರೆ ಹಳೆ ಮನೆ ಕೆಡವಲು ಯಾರೂ ಬರುವುದಿಲ್ಲ ಅಂದೆ. ಸುಣ್ಣ ಹೋದ ಮೇಲೆ ಉಳಿದದ್ದು ತೆಳು ಚಿತ್ತಾರ, ಅದರ ಹಿಂದೆ ಬರಿ ಮಣ್ಣು. ಮಳೆ ನೇರ ಒಳಗೆ ಇಳಿಯಿತು.

ಮೇ ತಿಂಗಳಲ್ಲಿ ದಾದಿ ಕೇಳಿದರು: "ಸುಷ್ಮಾ ಬೇಟಿ, ಸುಣ್ಣ ನೆನೆ ಹಾಕೀನಿ. ಮೋಡ ಆಗೈತೆ. ಬಳೀಲೇನು?"

"ಫೋಟೋದವರು ಬರೋ ತನಕ ಬ್ಯಾಡ ದಾದಿ," ಅಂದೆ. ಫೋಟೋದವರನ್ನು ನಾನು ಕರೆಯಲೇ ಇಲ್ಲ. ದಾವಣಗೆರೆಯಲ್ಲಿ ಬೇರೆ ಧರಣಿ ಇತ್ತು, ಮರೆತೆ. ಆ ಸುಣ್ಣದ ಮಡಕೆ ನಿಮ್ಮ ಹಿತ್ತಲಲ್ಲಿ ಹಾಗೇ ಇದೆ. ಒಳಗೆಲ್ಲ ಕಲ್ಲಾಗಿದೆ.

ದೂರಿನಲ್ಲಿ ಕೊಟ್ಟೂರೇಶನ ಹೆಸರು ಹೊಡೆದು ನನ್ನ ಹೆಸರು ಬರೆದು ಸಹಿ ಹಾಕು. ನಾನೇ ಬರೆಯಲು ಕೂತೆ, ಕೈ ಬರಲಿಲ್ಲ.

ಈ ಸಲ ಯಾಕೆ ಸುಣ್ಣ ಬಳಿಯಲಿಲ್ಲ ಎಂದು ನೀನು ಕೇಳಿದಾಗ, ಕೈ ನೋವು ಅಂದೆ ಎಂದು ದಾದಿಯೇ ನನಗೆ ಹೇಳಿದ್ದರು. ಅವರ ಕೈಗೆ ಏನೂ ಆಗಿರಲಿಲ್ಲ ನುಜತ್.