ಪ್ರವಚನಕ್ಕಿಂತ ಮೊದಲು

ಸಾವಳಗಿ
೧೮-೮-೨೦೨೫, ಶ್ರಾವಣದ ಕಡೆಯ ಸೋಮವಾರ

ಪ್ರೀತಿಯ ತಮ್ಮ ಗುರುಸಿದ್ದನಿಗೆ,

ನಿನ್ನ ಗಂಟಲು ಹೇಗಿದೆ? ತಿಂಗಳಿಡೀ ಬನಹಟ್ಟಿಯಲ್ಲಿ ದಿನಾ ಸಂಜೆ ಪ್ರವಚನ ಹೇಳಬೇಕು, ಅದರ ಮೇಲೆ ಆ ಮಗ್ಗಗಳ ಸದ್ದು ಬೇರೆ. ಜೇಷ್ಠಮಧು ಬಾಯಲ್ಲಿಟ್ಟುಕೋ, ತಣ್ಣೀರು ಕುಡಿಯಬೇಡ. ಇಷ್ಟನ್ನು ಅಕ್ಕನಾಗಿ ಕೇಳಿದೆ, ಇನ್ನು ಬೈಯುವುದಿದೆ. ಫೋನಿನಲ್ಲೇ ಬೈಯಬೇಕೆಂದಿದ್ದೆ. ಮಾಡಿದಾಗಲೆಲ್ಲ ಯಾರೋ ಭಕ್ತರು ಎತ್ತಿ “ಶರಣರು ಪೂಜಾದಾಗ ಅದಾರ್ರಿ” ಅನ್ನುತ್ತಾರೆ. ಅದಕ್ಕೇ ಈ ಕಾಗದ. ನನ್ನ ಮಗಳು ಅಕ್ಷತಾ ತಂದು ನಿನ್ನ ಕೈಗೇ ಕೊಡುತ್ತಾಳೆ, ಅವಳ ಎದುರಿಗೇ ಓದು.

ಮೊದಲ ದಿನ ನೀನು ಪ್ರವಚನ ಎಂಬ ಶಬ್ದವನ್ನು ಬಿಡಿಸಿ ಹೇಳಿದ್ದನ್ನು ನಾವೆಲ್ಲ ಅಕ್ಷತಾಳ ಮೊಬೈಲಿನಲ್ಲಿ ಕೇಳಿದೆವು. ವಚ್ ಅಂದರೆ ನುಡಿಯುವುದು, ಪ್ರ ಅಂದರೆ ಮುಂದಕ್ಕೆ, ಚೆನ್ನಾಗಿ ಎಂದೆ. ಹಿಂದೆ ಗುರುಗಳು ಶಿಷ್ಯರಿಗೆ ಪಾಠ ಹೇಳುವುದಕ್ಕೂ ಇದೇ ಹೆಸರಿತ್ತು, ಸ್ವಾಧ್ಯಾಯ ಪ್ರವಚನ ಎಂದು ಎರಡನ್ನೂ ಜೋಡಿಸಿ ಹೇಳುತ್ತಿದ್ದರು, ಮೊದಲು ತಾನು ಕಲಿಯಬೇಕು, ಆಮೇಲೆ ಮಂದಿಗೆ ಹೇಳಬೇಕು ಎಂದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು “ನನ್ನ ಮಗಾ ಎಷ್ಟ ಛಲೋ ಹೇಳತಾನ ನೋಡವಾ” ಅಂದಳು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆದರೆ ಶುಕ್ರವಾರ ಏನು ಮಾಡಿದೆ? ದೃಷ್ಟಾಂತಕ್ಕೆ ನಿನಗೆ ರಾಜರು, ಋಷಿಗಳು ಯಾರೂ ಸಿಗಲಿಲ್ಲವೇ? ಸಾವಳಗಿಯ ಒಬ್ಬ ಹೆಣ್ಣುಮಗಳು ಸಿಟ್ಟಿನ ಭರದಲ್ಲಿ ಎರಡು ಕೂಸುಗಳನ್ನು ಬಿಟ್ಟು ಹುನ್ನೂರಿನ ತವರಿಗೆ ಹೋದಳಂತೆ. ಶಾಂತಮೂರ್ತಿ ಗಂಡ ಒಂದು ಮಾತೂ ಆಡಲಿಲ್ಲವಂತೆ. ಕಡೆಗೆ ಮಠದಲ್ಲಿ ಪ್ರವಚನ ಕೇಳಿ, ಕರಗಿ, ತಿರುಗಿ ಬಂದಳಂತೆ. ಅಂಥವಳನ್ನೂ ನಾವು ಕ್ಷಮಿಸಬೇಕಂತೆ. ಹೆಸರು ಹೇಳಲಿಲ್ಲ, ದೊಡ್ಡ ಉಪಕಾರವಾಯಿತು! ಮಠದ ದಾಸೋಹಕ್ಕೆ ರೊಟ್ಟಿ ಕೂಡಿಸಲು ಬಂದ ತಾರವ್ವ ನಮ್ಮ ಕಟ್ಟೆಯ ಮೇಲೆ ಕೂತು, “ಕಸ್ತೂರೆವ್ವಾ, ಅದು ನಿಂದ ಕತಿ ಹೌದಿಲ್ಲೊ?” ಎಂದು ಎಲ್ಲರೆದುರು ಅವ್ವನನ್ನು ಕೇಳಿದಳು. ಎದ್ದು ಒಳಗೆ ಹೋದ ಅವ್ವ ಅಂದಿನಿಂದ ಹೊಸ್ತಿಲು ದಾಟಿಲ್ಲ. ಶ್ರಾವಣದಲ್ಲಿ ಒಂದು ಸಂಜೆಯೂ ಮಠ ತಪ್ಪಿಸದವಳು ಅವಳು.

ನೀನು ಹೇಳಿದ್ದು ಅಪ್ಪ ಊರತುಂಬ ಹೇಳಿಕೊಂಡು ತಿರುಗಿದ ಕಥೆ. ಈಗ ಖರೆ ಕಥೆ ಕಲಿ. ಅವಳು ಬಿಟ್ಟು ಹೋದದ್ದು ನನ್ನೊಬ್ಬಳನ್ನು. ನೀನು ಮೊಲೆ ಕುಡಿಯುವ ಕೂಸು, ಅವಳ ಬಗಲಲ್ಲೇ ಹುನ್ನೂರಿಗೆ ಹೋದೆ. ನಿನ್ನ ಶಾಂತಮೂರ್ತಿ, ನಮ್ಮಪ್ಪ ಚನಮಲ್ಲಪ್ಪ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವಳ ಮಣಿಕಟ್ಟು ಮುರಿದಿದ್ದ. ಉಳಿದ ಒಂದು ಕೈಯಲ್ಲಿ ಒಂದೇ ಕೂಸನ್ನು ಎತ್ತಿಕೊಳ್ಳಲು ಆಗುತ್ತಿತ್ತು. ನಾನು ಓಣಿಯ ತುದಿಯವರೆಗೆ ಅಳುತ್ತ ಓಡಿದೆ. “ಕೈ ನೆಟ್ಟಗಾದ ಕೂಡ್ಲೆ ಬರತೇನಿ, ಅಳಬ್ಯಾಡ ನನ್ನವ್ವಾ” ಅಂದಳು. ಬಂದಳು. ಯಾವ ಪ್ರವಚನ ಕೇಳಿಯೂ ಅಲ್ಲ, ನನಗಾಗಿ. ಸಿಟ್ಟಾಗುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ. ನಾನೇ ಸಿಟ್ಟಾಗಿಲ್ಲ, ಅವಳನ್ನು ಮಂದಿಯೆದುರು ಕ್ಷಮಿಸಲು ನೀನು ಯಾರೋ? ಆ ಮಣಿಕಟ್ಟು ಇಂದಿಗೂ ಸೊಟ್ಟಗಿದೆ. ಅದೇ ಕೈ ಬಡಿದ ರೊಟ್ಟಿ ತಿಂದು ಬೆಳೆದವನು, ಹೇಗಾಯಿತು ಎಂದು ಒಂದು ದಿನವಾದರೂ ಕೇಳಿದೆಯಾ? ಜನ ಚಪ್ಪಾಳೆ ತಟ್ಟಿದಾಗ ಕಣ್ಣು ಮುಚ್ಚಿ ಕೈ ಮುಗಿದೆಯಲ್ಲ, ಮೊಬೈಲನ್ನೇ ಒಡೆದು ಹಾಕಬೇಕೆನಿಸಿತು ನನಗೆ.

ನಿನ್ನ ಹೆಂಡತಿ ವೈಶಾಲಿಗೆ ನನ್ನ ಆಶೀರ್ವಾದ ಹೇಳು. ನಿನಗೂ ಇದೆ, ಸಿಟ್ಟಿಳಿದ ಮೇಲೆ ಕಳಿಸುತ್ತೇನೆ.

ನಿನ್ನ ಅಕ್ಕ,
ರಾಜಶ್ರೀ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವ ಸೀರೆ ಬದಲಿಸಿ ಹೊರಗೆ ಬಂದಳು. ಅಕ್ಷತಾಳ ಜೊತೆ ತಾನೂ ಬನಹಟ್ಟಿಗೆ ಬರುತ್ತಾಳಂತೆ. “ನಾ ಕೇಳಾಕ ಹೊಂಟಿಲ್ಲ, ಹೇಳಾಕ ಹೊಂಟೇನಿ” ಅನ್ನುತ್ತಿದ್ದಾಳೆ. ನೀನು ಇದನ್ನು ಓದುವಾಗ ಬಾಗಿಲಲ್ಲೇ ನಿಂತಿರುತ್ತಾಳೆ. ಸಂಜೆ ಮೈಕು ಅವಳ ಮುಂದಿಡು. ನೀನು ಗಾದಿಯಿಂದ ಇಳಿದು, ಮಂದಿಯ ಜೊತೆ ಕೆಳಗೆ ಕೂತು ಕೇಳು.